ಮ್ಯೂ ಇಎಕ್ಸ್: ಎದುರಿನವರ ಏಟನ್ನು ಅವರಿಗೇ ಕೊಡುವುದು ಯಾವಾಗ ಲಾಭ?

ಮಲೆನಾಡ_ಮ್ಯೂ

ಪೋಕೆಮಾನ್ ಟಿಸಿಜಿ ಪಾಕೆಟ್ (ಫೋನ್‌ನಲ್ಲಿ ಆಡುವ ಪೋಕೆಮಾನ್ ಕಾರ್ಡ್ ಆಟ) ಆಡುವವರಿಗಾಗಿ ಬರೆಯುತ್ತಿದ್ದೇನೆ. ಮ್ಯೂ ಇಎಕ್ಸ್ ಅನ್ನು ಡೆಕ್‌ನಲ್ಲಿ ಸುಮ್ನೆ ಒಂದು ತುರುಕಿಕೊಂಡು, ಕೈಗೆ ಬಂದಾಗ ನೋಡೋಣ ಎಂದು ಆಡುವವರೇ ಜಾಸ್ತಿ. ಆ ಕಾರ್ಡಿಗೆ ಅದಕ್ಕಿಂತ ದೊಡ್ಡ ಕೆಲಸ ಇದೆ. ಅದರ ಸುತ್ತಲೇ ಒಂದು ಡೆಕ್ ಕಟ್ಟಬಹುದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಡ್ ನೆನಪಿಲ್ಲದವರಿಗೆ ಮೊದಲು ವಿವರ. 2024ರ ಅಕ್ಟೋಬರ್‌ನಲ್ಲಿ ಆಟ ಶುರುವಾದಾಗಲೇ ಬಂದ ಜೆನೆಟಿಕ್ ಏಪೆಕ್ಸ್ ಸೆಟ್‌ನ ಕಾರ್ಡ್ ಇದು. ಬೇಸಿಕ್ (ನೇರ ಕೆಳಗಿಡಬಹುದಾದದ್ದು), ಸೈಕಿಕ್ ಜಾತಿ, 130 ಎಚ್‌ಪಿ, ಅಂದರೆ ಅಷ್ಟು ಡ್ಯಾಮೇಜ್ ಬಿದ್ದರೆ ಸಾಯುತ್ತದೆ. ಒಂದು ಸೈಕಿಕ್ ಎನರ್ಜಿಗೆ (ಎನರ್ಜಿ ಅಂದರೆ ದಾಳಿಗೆ ಬೇಕಾದ ಇಂಧನ) 20 ಡ್ಯಾಮೇಜ್ ಕೊಡುವ ಸೈಶಾಟ್ ಇದೆ, ಅದು ಲೆಕ್ಕಕ್ಕಿಲ್ಲ. ನಿಜವಾದ ವಿಷಯ ಎರಡನೆಯ ದಾಳಿ, ಜೀನೋಮ್ ಹ್ಯಾಕಿಂಗ್. ಮೂರು ಎನರ್ಜಿ ಬೇಕು, ಯಾವ ಬಣ್ಣವಾದರೂ ನಡೆಯುತ್ತದೆ. ಎದುರಿನವರ ಆಕ್ಟಿವ್ ಪೋಕೆಮಾನ್‌ಗೆ (ಮುಂದೆ ನಿಂತು ಕಾದಾಡುವುದಕ್ಕೆ) ಇರುವ ದಾಳಿಗಳಲ್ಲಿ ಒಂದನ್ನು ಆರಿಸಿ, ಅದನ್ನು ನಾವೇ ಮಾಡಬಹುದು. ಆ ದಾಳಿಯ ಮೇಲೆ ನಾಲ್ಕು ಎನರ್ಜಿ ಬರೆದಿದ್ದರೂ ನಮಗೆ ಮೂರೇ ಸಾಕು. ಬೆಂಕಿ ಬೇಕು, ನೀರು ಬೇಕು ಎಂಬ ತಕರಾರೂ ಇಲ್ಲ.

ಈ ಕಾರ್ಡ್ ಹಿಡಿದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಎದುರಿನ ಪೋಕೆಮಾನ್ ತನ್ನ ಏಟಿಗೆ ತಾನೇ ಸಾಯುತ್ತದಾ?

ಚಾರಿಜಾರ್ಡ್ ಇಎಕ್ಸ್ ನೋಡಿ. 180 ಎಚ್‌ಪಿ. ಅದರ ಕ್ರಿಮ್ಸನ್ ಸ್ಟಾರ್ಮ್ ಕೊಡುವ ಏಟು 200. ಸಾಯುತ್ತದೆ. ಮ್ಯೂಟು ಇಎಕ್ಸ್‌ಗೆ 150 ಎಚ್‌ಪಿ, ಸೈಡ್ರೈವ್ ಕೂಡ 150. ಸರಿಯಾಗಿ ಸಾಯುತ್ತದೆ. ಪಾಲ್ಕಿಯಾ ಇಎಕ್ಸ್‌ದೂ ಅದೇ ಕಥೆ: 150 ಎಚ್‌ಪಿ, ಡೈಮೆನ್ಷನಲ್ ಸ್ಟಾರ್ಮ್ 150.

ಈಗ ಇನ್ನೊಂದು ಸಾಲು ನೋಡಿ. ಸ್ಟಾರ್ಮಿ ಇಎಕ್ಸ್‌ಗೆ 130 ಎಚ್‌ಪಿ, ಏಟು 90. ಆರ್ಟಿಕುನೋ ಇಎಕ್ಸ್‌ಗೆ 140, ಬ್ಲಿಝಾರ್ಡ್ 80. ಇವುಗಳ ಮುಂದೆ ಮ್ಯೂ ಇಳಿಸಿದರೆ ಒಂದೇ ಏಟಿಗೆ ಏನೂ ಆಗುವುದಿಲ್ಲ. ವಾಪಸ್ ಏಟು ತಿಂದು ಎರಡು ಪಾಯಿಂಟ್ ಕೊಟ್ಟು ಬರುತ್ತೇವೆ (ಇಎಕ್ಸ್ ಸತ್ತರೆ ಎದುರಿನವರಿಗೆ ಎರಡು ಪಾಯಿಂಟ್, ಮೂರು ಆದರೆ ಗೆಲುವು). ಪಿಕಾಚು ಇಎಕ್ಸ್ ಅಂತೂ ಬೇಡವೇ ಬೇಡ. ಸರ್ಕಲ್ ಸರ್ಕ್ಯೂಟ್ ಎಣಿಸುವುದು ದಾಳಿ ಮಾಡುವವರ ಬೆಂಚ್‌ನಲ್ಲಿರುವ, ಅಂದರೆ ಹಿಂದೆ ಕಾಯುತ್ತಿರುವ, ಲೈಟ್ನಿಂಗ್ ಪೋಕೆಮಾನ್‌ಗಳನ್ನು. ನಮ್ಮ ಬೆಂಚ್‌ನಲ್ಲಿ ಅವು ಇಲ್ಲದಿದ್ದರೆ ಸೊನ್ನೆ.

ಅಂದರೆ ಎದುರಿನವರು ಎಷ್ಟು ಭಾರಿ ಏಟಿನ ಡೆಕ್ ತಂದಿದ್ದಾರೋ, ನಮ್ಮ ಮ್ಯೂ ಅಷ್ಟು ಬಲಶಾಲಿ. ಹಗುರ ಏಟು, ಬೇಗ ಏಟು ಅನ್ನುವ ಡೆಕ್‌ಗಳ ಮುಂದೆ ಅದು ಬೆಂಚ್ ಬಿಟ್ಟು ಏಳಬಾರದು. ಇದಕ್ಕೆ ನೀವೇನಂತೀರಿ?

ಮೂರೇ_ಪಾಯಿಂಟ್

ಲೆಕ್ಕ ಸರಿ ಇದೆ. ಆದರೆ 20 ಎಚ್‌ಪಿ ಹೆಚ್ಚಿಸುವ ಜೈಂಟ್ ಕೇಪ್ ಕಾರ್ಡ್ ಮರೆಯಬೇಡಿ. ಮ್ಯೂಟುಗೆ ಅದನ್ನು ಹಾಕಿದರೆ 170 ಎಚ್‌ಪಿ ಆಗುತ್ತದೆ. ನಿಮ್ಮ ಸೈಡ್ರೈವ್ 150ಕ್ಕೆ ನಿಲ್ಲುತ್ತದೆ. ಏಟಿಗೆ 10 ಸೇರಿಸುವ ಜಿಯೋವಾನಿ ಕಾರ್ಡ್ ಹಾಕಿದರೂ 160. ಇನ್ನೂ 10 ಬಾಕಿ. ರೆಡ್ ಇದ್ದರೆ ಮಾತ್ರ ಕೆಲಸ ಆಗುತ್ತದೆ, ಇಎಕ್ಸ್ ಮೇಲೆ 20 ಜಾಸ್ತಿ ಕೊಡುತ್ತದಲ್ವಾ, ಸರಿಯಾಗಿ 170. ಹಾಗಾಗಿ ಮ್ಯೂ ಇಡುವವರು ಜಿಯೋವಾನಿಗಿಂತ ರೆಡ್ ಇಡುವುದು ವಾಸಿ.

ನಾಣ್ಯ_ಬೇಡ

ಒಂದು ಸಂದೇಹ. ಕ್ರಿಮ್ಸನ್ ಸ್ಟಾರ್ಮ್ ಮಾಡಿದರೆ ಎರಡು ಫೈರ್ ಎನರ್ಜಿ ಬಿಸಾಕಬೇಕು. ನನ್ನ ಮ್ಯೂ ಮೇಲೆ ಫೈರ್ ಇಲ್ಲವೇ ಇಲ್ಲ. ಆಗ ಏನಾಗುತ್ತದೆ? ದಾಳಿ ಮಾಡಲು ಬಿಡುವುದೇ ಇಲ್ಲವಾ?

ಮಲೆನಾಡ_ಮ್ಯೂ

@ನಾಣ್ಯ_ಬೇಡ ಬಿಡುತ್ತದೆ. ಎನರ್ಜಿ ಬಿಸಾಕುವುದು ಆ ದಾಳಿಯ ಪರಿಣಾಮ, ಅದಕ್ಕೆ ಕೊಡುವ ಬೆಲೆ ಅಲ್ಲ. ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಏನೂ ಹೋಗುವುದಿಲ್ಲ. 200 ಡ್ಯಾಮೇಜ್ ಮಾತ್ರ ಪೂರ್ತಿ ಸಿಗುತ್ತದೆ.

ಮ್ಯೂ ಮೇಲೆ ಯಾವ ಬಣ್ಣದ ಎನರ್ಜಿ ಇದೆ ಎಂಬುದು ಇದಕ್ಕೇ ಮುಖ್ಯ. ಸೈಕಿಕ್ ಎನರ್ಜಿಯ ಮ್ಯೂ ಚಾರಿಜಾರ್ಡ್‌ನ ದಾಳಿ ಮಾಡಿದರೆ ಮೂರೂ ಎನರ್ಜಿ ಹಾಗೇ ಉಳಿಯುತ್ತವೆ. ಮುಂದಿನ ಸರದಿಯಲ್ಲೂ ಹೊಡೆಯಬಹುದು. ಅದೇ ಮ್ಯೂ, ಮ್ಯೂಟುವಿನ ಸೈಡ್ರೈವ್ ಮಾಡಿದರೆ ಎರಡು ಸೈಕಿಕ್ ಹೋಗುತ್ತವೆ. ನೀರಿನ ಡೆಕ್‌ನ ಮ್ಯೂಗೆ ಇದು ತಿರುಗಾಮುರುಗ. ಮ್ಯೂಟು, ಚಾರಿಜಾರ್ಡ್ ಎರಡರ ಮುಂದೆಯೂ ಪುಕ್ಕಟೆ. ಪಾಲ್ಕಿಯಾ ಮುಂದೆ ಮಾತ್ರ ಮೂರೂ ಖಾಲಿ.

ಕೃಷ್ಣರಾಜ_ಕಾರ್ಡ್ಸ್

ನಾನು ಮ್ಯೂಟು-ಗಾರ್ಡೆವಾರ್ ಡೆಕ್‌ನಲ್ಲಿ ಒಂದು ಮ್ಯೂ ಇಟ್ಟಿದ್ದೇನೆ. ಎದುರಿಗೂ ಮ್ಯೂಟುವೇ ಬಂದಾಗ ಅದರಷ್ಟು ಉಪಕಾರ ಬೇರೆ ಕಾರ್ಡ್ ಮಾಡುವುದಿಲ್ಲ. ಗಾರ್ಡೆವಾರ್‌ನ ಸೈ ಶ್ಯಾಡೋ ಆಕ್ಟಿವ್ ಸೈಕಿಕ್ ಪೋಕೆಮಾನ್‌ಗೆ ಪ್ರತಿ ಸರದಿ ಒಂದು ಎನರ್ಜಿ ಹೆಚ್ಚಿಗೆ ಕೊಡುತ್ತದೆ. ಬೆಂಚ್‌ನಲ್ಲಿ ಒಂದೇ ಎನರ್ಜಿ ಇಟ್ಟುಕೊಂಡು ಕೂತಿದ್ದ ಮ್ಯೂ ಮುಂದೆ ಬಂದ ಸರದಿಯಲ್ಲೇ ಮೂರು ಮುಟ್ಟುತ್ತದೆ. ನಮ್ಮ ಮ್ಯೂಟುಗೆ ಸೈಡ್ರೈವ್ ಮಾಡಲು ನಾಲ್ಕು ಬೇಕು, ಮ್ಯೂಗೆ ಮೂರು. ಆ ಒಂದು ಎನರ್ಜಿಯ ಅಂತರದಲ್ಲೇ ಆಟ ಗೆಲ್ಲುತ್ತದೆ.

ಕಾಗದದ_ಆಟ

ಫೋನ್‌ನಲ್ಲಿ ಮಾತ್ರ ಆಡಿದವರಿಗೆ ಈ ಬಗೆಯ ಕಾರ್ಡಿನ ಹಿಂದಿನ ಕಥೆ ಗೊತ್ತಿರಲಿ ಎಂದು ಸ್ವಲ್ಪ ಉದ್ದ ಬರೆಯುತ್ತೇನೆ. ಮಲೆನಾಡ_ಮ್ಯೂ ಅವರ ಪ್ರಶ್ನೆ ಕಾಗದದ ಕಾರ್ಡಿನಲ್ಲೂ ಅಷ್ಟೇ ನಿಜ.

ನಕಲು ದಾಳಿ ಮೊದಲ ಸೆಟ್‌ನಿಂದಲೇ ಇದೆ. ಬೇಸ್ ಸೆಟ್‌ನ ಕ್ಲೆಫೇರಿಗೆ ಮೆಟ್ರೊನೋಮ್ ಇತ್ತು, ಮೂರು ಎನರ್ಜಿ, ಎದುರಿನವರ ದಾಳಿಯ ನಕಲು. ಕ್ಲೆಫೇರಿಗೆ ಇದ್ದದ್ದು 40 ಎಚ್‌ಪಿ. ಮೂರು ಎನರ್ಜಿ ಹಾಕುವಷ್ಟರಲ್ಲಿ ಅದು ಉಳಿಯುತ್ತಿರಲಿಲ್ಲ. ಜಂಗಲ್ ಸೆಟ್‌ನ ಕ್ಲೆಫೇಬಲ್ ಅದೇ ಮೆಟ್ರೊನೋಮ್ ಅನ್ನು ಒಂದೇ ಎನರ್ಜಿಗೆ ಮಾಡುತ್ತಿತ್ತು, 70 ಎಚ್‌ಪಿ. ಅದು ಆಡುವಂಥ ಕಾರ್ಡ್. ನಕಲು ಕಾರ್ಡಿನ ತಾಕತ್ತು ಇಂಥ ಎರಡು ಅಂಕಿಗಳ ಮೇಲೆ ನಿಂತಿದೆ: ಎಷ್ಟು ಬೇಗ ಹೊಡೆಯುತ್ತದೆ, ಎಷ್ಟು ಹೊತ್ತು ಬದುಕುತ್ತದೆ.

2012ರಲ್ಲಿ ಡ್ರ್ಯಾಗನ್ಸ್ ಎಗ್ಸಾಲ್ಟೆಡ್ ಸೆಟ್‌ನಲ್ಲಿ ಮ್ಯೂ-ಇಎಕ್ಸ್ ಬಂತು. ಅದರದು ಬೇರೆ ದಾರಿ. ವರ್ಸಟೈಲ್ ಎಂಬ ಎಬಿಲಿಟಿ, ಅಂದರೆ ದಾಳಿಯಲ್ಲದ ವಿಶೇಷ ಶಕ್ತಿ. ಆಟದಲ್ಲಿರುವ ಯಾವ ಪೋಕೆಮಾನ್‌ನ ದಾಳಿಯನ್ನಾದರೂ ಬಳಸಬಹುದು, ನಮ್ಮದೂ ಸರಿ, ಎದುರಿನವರದೂ ಸರಿ. ಆದರೆ ಆ ದಾಳಿಗೆ ಬೇಕಾದ ಎನರ್ಜಿ ಪೂರ್ತಿ ಇರಬೇಕು. ಹಾಗಾಗಿ ಜನ ಅದನ್ನು ಎದುರಿನವರಿಗಿಂತ ನಮ್ಮದೇ ದಾಳಿಗಳ ನಕಲಿಗೆ ಜಾಸ್ತಿ ಬಳಸಿದರು. ನೈಟ್ ಮಾರ್ಚ್ ಡೆಕ್ ಅದಕ್ಕೆ ಒಳ್ಳೆಯ ಉದಾಹರಣೆ. ಜೋಲ್ಟಿಕ್‌ಗೆ ಬರೀ 30 ಎಚ್‌ಪಿ. ಅದರ ನೈಟ್ ಮಾರ್ಚ್ ದಾಳಿಯನ್ನು 120 ಎಚ್‌ಪಿಯ ಮ್ಯೂ ಮಾಡುತ್ತಿತ್ತು. ಮ್ಯೂ ಸೈಕಿಕ್ ಆದ್ದರಿಂದ ಡೈಮೆನ್ಷನ್ ವ್ಯಾಲಿ ಸ್ಟೇಡಿಯಂ (ಇಬ್ಬರಿಗೂ ಅನ್ವಯಿಸುವ ಕಾರ್ಡ್) ಇದ್ದರೆ ಎರಡು ಎನರ್ಜಿಯ ದಾಳಿ ಒಂದೇ ಎನರ್ಜಿಗೆ ಸಿಗುತ್ತಿತ್ತು. ಇನ್ನೊಂದು ಸ್ವಾರಸ್ಯ: ಮ್ಯೂ-ಇಎಕ್ಸ್ ಬಂದ ಸೆಟ್‌ನಲ್ಲೇ ಗಾರ್ಬೊಡೋರ್ ಕೂಡ ಬಂತು. ಅದಕ್ಕೊಂದು ಟೂಲ್ ಹಾಕಿದರೆ ಉಳಿದ ಎಲ್ಲ ಪೋಕೆಮಾನ್‌ಗಳ ಎಬಿಲಿಟಿ ಬಂದ್. ಎಬಿಲಿಟಿ ಹೋದರೆ ಮ್ಯೂ-ಇಎಕ್ಸ್ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

2019ರ ಮ್ಯೂಟು ಆಂಡ್ ಮ್ಯೂ-ಜಿಎಕ್ಸ್‌ಗೂ ಅದೇ ಗತಿ. ಅದರ ಪರ್ಫೆಕ್ಷನ್ ಎಬಿಲಿಟಿ ಬೆಂಚ್‌ನಲ್ಲೋ ಡಿಸ್ಕಾರ್ಡ್‌ನಲ್ಲೋ ಇರುವ ನಮ್ಮ ಜಿಎಕ್ಸ್, ಇಎಕ್ಸ್‌ಗಳ ದಾಳಿ ತರುತ್ತಿತ್ತು. ಇಂಥವುಗಳ ಎಬಿಲಿಟಿ ಮುಚ್ಚುವ ಪವರ್ ಪ್ಲಾಂಟ್ ಸ್ಟೇಡಿಯಂ ಬಿದ್ದರೆ ಮುಗೀತು.

ಮ್ಯೂ ವಿಮ್ಯಾಕ್ಸ್ ಗೆದ್ದದ್ದು ಇಲ್ಲೇ. 2021ರ ಫ್ಯೂಷನ್ ಸ್ಟ್ರೈಕ್ ಸೆಟ್‌ನದು. ಅದರ ನಕಲು ಎಬಿಲಿಟಿ ಅಲ್ಲ, ದಾಳಿ: ಕ್ರಾಸ್ ಫ್ಯೂಷನ್ ಸ್ಟ್ರೈಕ್. ಎರಡು ಎನರ್ಜಿ, ಯಾವ ಬಣ್ಣವಾದರೂ ಸರಿ, ಬೆಂಚ್‌ನಲ್ಲಿರುವ ಫ್ಯೂಷನ್ ಸ್ಟ್ರೈಕ್ ಪೋಕೆಮಾನ್‌ನ ದಾಳಿ ನಿಮ್ಮದು. ಜೆನೆಸೆಕ್ಟ್‌ನ ಟೆಕ್ನೋ ಬ್ಲಾಸ್ಟ್‌ಗೆ ಮೂರು ಎನರ್ಜಿ ಬೇಕು, ಅದರಲ್ಲಿ ಎರಡು ಮೆಟಲ್. ಮ್ಯೂ ಅದನ್ನು ಎರಡಕ್ಕೆ ಮಾಡಿ 210 ಕೊಡುತ್ತಿತ್ತು. ಆಮೇಲೆ ಮುಂದಿನ ಸರದಿ ದಾಳಿ ಮಾಡುವಂತಿಲ್ಲ ಎಂಬ ಕಟ್ಟು ಬರುತ್ತಿತ್ತು. ಆದರೆ ಮ್ಯೂ ಹಿಂದೆ ಸರಿಯಲು ಎನರ್ಜಿಯೇ ಬೇಡ. ಬೆಂಚ್‌ಗೆ ಹೋದರೆ ಆ ಕಟ್ಟು ಬಿಡುತ್ತದೆ. ಎಬಿಲಿಟಿ ಮುಚ್ಚುವ ಪಾತ್ ಟು ದಿ ಪೀಕ್ ಸ್ಟೇಡಿಯಂ ಬಂದಾಗ ಜೆನೆಸೆಕ್ಟ್‌ನಿಂದ ಕಾರ್ಡ್ ಎಳೆಯುವುದು ನಿಲ್ಲುತ್ತಿತ್ತು, ದಾಳಿ ನಿಲ್ಲುತ್ತಿರಲಿಲ್ಲ. 2023ರಲ್ಲಿ ಯೊಕೊಹಾಮಾದ ವಿಶ್ವ ಚಾಂಪಿಯನ್‌ಶಿಪ್‌ನ ಮಾಸ್ಟರ್ಸ್ ವಿಭಾಗವನ್ನು ವಾನ್ಸ್ ಕೆಲ್ಲಿ ಗೆದ್ದದ್ದು ಈ ಡೆಕ್‌ನಿಂದಲೇ.

ಈಗ ಜೀನೋಮ್ ಹ್ಯಾಕಿಂಗ್. ಕಾಗದದಲ್ಲಿ ಅದು 2023ರ 151 ಸೆಟ್‌ನ ಮ್ಯೂ ಇಎಕ್ಸ್ ಮೇಲೆ ಬಂತು. 180 ಎಚ್‌ಪಿ, ಹಿಂದೆ ಸರಿಯಲು ಎನರ್ಜಿ ಬೇಡ. ಜೊತೆಗೆ ಕೈಯಲ್ಲಿ ಮೂರು ಕಾರ್ಡ್ ಆಗುವ ತನಕ ಎಳೆಯುವ ರೀಸ್ಟಾರ್ಟ್ ಎಬಿಲಿಟಿ. ಏಟು ಮತ್ತು ಎಚ್‌ಪಿ ಸಮ ಇರುವ ಕಾರ್ಡ್‌ಗಳು ಆಗ ಎಷ್ಟು ಇದ್ದವು ನೋಡಿ. ಗಿರಾಟಿನಾ ವಿಸ್ಟಾರ್‌ಗೆ 280 ಎಚ್‌ಪಿ, ಲಾಸ್ಟ್ ಇಂಪ್ಯಾಕ್ಟ್ 280. ಮಿರೈಡಾನ್ ಇಎಕ್ಸ್‌ಗೆ 220, ಫೋಟಾನ್ ಬ್ಲಾಸ್ಟರ್ 220. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ತೊಂದರೆ ಬರುತ್ತಿದ್ದದ್ದು ಎನರ್ಜಿಯಲ್ಲಿ. ಮೂರು ಎನರ್ಜಿ ಬೇಗ ಆಗಲಿ ಎಂದು ಡಬಲ್ ಟರ್ಬೋ ಹಾಕುತ್ತೇವೆ. ಅದು ಎರಡಕ್ಕೆ ಸಮ, ಆದರೆ ಏಟಿನಲ್ಲಿ 20 ಕಳೆಯುತ್ತದೆ. 280 ಹೋಗಿ 260 ಆಯಿತು. ಗಿರಾಟಿನಾ 20 ಎಚ್‌ಪಿಯಲ್ಲಿ ಬದುಕಿತು, ವಾಪಸ್ ಏಟಿಗೆ ಮ್ಯೂ ಹೋಯಿತು. ಚಾಯ್ಸ್ ಬೆಲ್ಟ್ ಕೂಡ ಹಾಕಿದ್ದರೆ 30 ಸೇರಿ 290, ಕೆಲಸ ಆಗುತ್ತಿತ್ತು. ಆದರೆ ಬೆಲ್ಟ್ ಕೆಲಸ ಮಾಡುವುದು ಪೋಕೆಮಾನ್ ವಿ (ಗಿರಾಟಿನಾ ವಿಸ್ಟಾರ್ ಥರದವು) ಮೇಲೆ ಮಾತ್ರ. ಮಿರೈಡಾನ್ ಮುಂದೆ ಅದೂ ಇಲ್ಲ. ಅಲ್ಲಿ ಮೂರೂ ಬಿಡಿ ಎನರ್ಜಿಯೇ ಬೇಕು. ಯಾವ ಎದುರಾಳಿಗೆ ಯಾವ ಎನರ್ಜಿ ಎಂದು ಎರಡು ಸರದಿ ಮುಂಚೆಯೇ ನಿರ್ಧರಿಸಬೇಕಿತ್ತು. ಈ ಕಾರ್ಡ್ ನನಗೆ ಇಷ್ಟವಾಗುವುದು ಇಂಥ ಜಾಗದಲ್ಲೇ.

ನಾಣ್ಯ_ಬೇಡ

ರೋರಿಂಗ್ ಮೂನ್ ಇಎಕ್ಸ್ ಮುಂದೆ ಏನಾಗುತ್ತಿತ್ತು? ಅದರ ದಾಳಿ ನೇರ ನಾಕ್ ಔಟ್ ಅಲ್ವಾ?

ಕಾಗದದ_ಆಟ

ಹೌದು, ಫ್ರೆಂಜೀಡ್ ಗೌಜಿಂಗ್. ಎದುರಿನದು ನೇರ ನಾಕ್ ಔಟ್, ಆಮೇಲೆ ಮಾಡಿದವರಿಗೇ 200 ಡ್ಯಾಮೇಜ್. ರೋರಿಂಗ್ ಮೂನ್‌ಗೆ 230 ಎಚ್‌ಪಿ, ಅದು ಬದುಕುತ್ತದೆ. ನಮ್ಮ ಮ್ಯೂಗೆ 180, ಅದು ಸಾಯುತ್ತದೆ. ಇಬ್ಬರಿಗೂ ಎರಡೆರಡು ಪ್ರೈಜ್, ಅಂದರೆ ಕಾಗದದ ಆಟದ ಪಾಯಿಂಟ್. ನಾವು ಮುಂದಿದ್ದಾಗ ಮಾತ್ರ ಮಾಡಬೇಕಾದ ನಕಲು ಅದು. ಕೊನೆಯ ಎರಡು ಪ್ರೈಜ್ ಬೇಕಿದ್ದರೆ ಕಣ್ಣು ಮುಚ್ಚಿ ಮಾಡಬಹುದು.

ಉಡುಪಿ_ಡ್ರಡಿಗನ್

ಮಾರಾಯ್ರೆ, ಎಲ್ಲರೂ ಆಕ್ಟಿವ್‌ನಲ್ಲಿ ಏನಿದೆಯೋ ಅದರ ನಕಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆಕ್ಟಿವ್‌ನಲ್ಲಿ ಏನು ಇರಬೇಕು ಎಂದು ನಾವೇ ಆರಿಸಬಹುದಲ್ಲ? ಪಾಕೆಟ್‌ನಲ್ಲಿ ಈ ಕಾರ್ಡಿನ ಅತಿ ದೊಡ್ಡ ಉಪಯೋಗ ಅಲ್ಲಿದೆ.

ಜೀನೋಮ್ ಹ್ಯಾಕಿಂಗ್ ಬರಹವನ್ನು ಇನ್ನೊಮ್ಮೆ ಓದಿ. ಎದುರಿನ ಪೋಕೆಮಾನ್ ಮೇಲೆ ಎನರ್ಜಿ ಇರಬೇಕು ಎಂದು ಎಲ್ಲೂ ಇಲ್ಲ. ಚಾರಿಜಾರ್ಡ್ ಒಂದೂ ಎನರ್ಜಿ ಇಲ್ಲದೆ ನಿಂತಿದ್ದರೂ ಅದರ 200 ಏಟು ನಮಗೆ ಸಿಗುತ್ತದೆ. ಹಾಗಿದ್ದ ಮೇಲೆ ಅದು ತಯಾರಾಗಿ ಮುಂದೆ ಬರುವ ತನಕ ಕಾಯುವುದು ಯಾಕೆ?

ನಾನು ಮಾಡುವುದು ಹೀಗೆ. ಬೆಂಚ್‌ನಲ್ಲಿ ಗ್ರೆನಿಂಜಾ ಇರುತ್ತದೆ. ಅದರ ವಾಟರ್ ಶುರಿಕೆನ್ ಎಬಿಲಿಟಿ ಪ್ರತಿ ಸರದಿ ಎದುರಿನ ಯಾವ ಪೋಕೆಮಾನ್‌ಗಾದರೂ 20 ಡ್ಯಾಮೇಜ್ ಕೊಡುತ್ತದೆ, ಬೆಂಚ್‌ನಲ್ಲಿರುವುದಕ್ಕೂ. ಬೆಂಚ್‌ನಲ್ಲಿ ಕೂತ ಚಾರಿಜಾರ್ಡ್‌ಗೆ ಒಂದು ಶುರಿಕೆನ್. ಈಗ ಅದು ಗಾಯಗೊಂಡಿದೆ. ಸೈರಸ್ ಕಾರ್ಡ್ ಗಾಯಗೊಂಡ ಬೆಂಚ್ ಪೋಕೆಮಾನ್ ಅನ್ನು ಮುಂದಕ್ಕೆ ಎಳೆಯುತ್ತದೆ. ಎಳೆದ ಮೇಲೆ ಮ್ಯೂನಿಂದ ಕ್ರಿಮ್ಸನ್ ಸ್ಟಾರ್ಮ್. ಒಂದೇ ಸರದಿಯಲ್ಲಿ ಎಲ್ಲ ಮುಗಿಯುತ್ತದೆ. ಅವರು ಮೊದಲಿನಿಂದ ಎನರ್ಜಿ ತುಂಬುತ್ತಾ ಬಂದ ಪೋಕೆಮಾನ್ ಒಂದು ಏಟನ್ನೂ ಕೊಡದೆ ಹೋಗುತ್ತದೆ.

ಆಕ್ಟಿವ್ ಬದಲಿಸುವ ಇನ್ನೊಂದು ಕಾರ್ಡ್ ಸಬ್ರೀನಾ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಯಾರು ಮುಂದೆ ಬರಬೇಕು ಎಂದು ಆರಿಸುವವರು ಅವರು. ಸೈರಸ್‌ನಲ್ಲಿ ಆರಿಸುವವರು ನಾವು.

ಮೂರೇ_ಪಾಯಿಂಟ್

@ಉಡುಪಿ_ಡ್ರಡಿಗನ್ ಇದು ಒಪ್ಪತಕ್ಕ ಮಾತು. ಒಂದು ಮಿತಿ ಮಾತ್ರ ಹೇಳುತ್ತೇನೆ. ಸೈರಸ್, ರೆಡ್ ಎರಡೂ ಸಪೋರ್ಟರ್. ಸರದಿಗೆ ಒಂದೇ. ಸೈರಸ್ ಹಾಕಿದ ಸರದಿಯಲ್ಲಿ ಏಟು ಹೆಚ್ಚಿಸುವ ದಾರಿ ಇಲ್ಲ. ಕೇಪ್ ಹಾಕಿಕೊಂಡ ಮ್ಯೂಟುವನ್ನು ಎಳೆದರೆ ನೇರ ಏಟಿಗೆ ಸಾಯುವುದಿಲ್ಲ. ಆದರೆ ನಿಮ್ಮ ಶುರಿಕೆನ್ 20 ಮೊದಲೇ ಬಿದ್ದಿರುತ್ತದಲ್ಲ? 20 ಮತ್ತು 150 ಸೇರಿ 170. ಆ ಒಂದು ಶುರಿಕೆನ್ ಸೈರಸ್‌ಗೆ ದಾರಿಯನ್ನೂ ಮಾಡಿತು, ಕೇಪ್‌ನ ಲಾಭವನ್ನೂ ತಿಂದಿತು. ಬಹಳ ಚೆನ್ನಾಗಿ ಕೂಡಿ ಬರುತ್ತದೆ.

ಉಡುಪಿ_ಡ್ರಡಿಗನ್

ಅದೇ ಅದೇ. ಮಲೆನಾಡ_ಮ್ಯೂ ಅವರ ಪ್ರಶ್ನೆಯನ್ನೂ ಸ್ವಲ್ಪ ಹಿಗ್ಗಿಸಬೇಕು. ತನ್ನ ಏಟಿಗೆ ತಾನು ಸಾಯದಿದ್ದರೆ, ಎಷ್ಟು ಕಮ್ಮಿ ಬೀಳುತ್ತದೆ ಎಂದು ಕೇಳಿ. ಗ್ಯಾರಡೋಸ್ ಇಎಕ್ಸ್‌ಗೆ 180 ಎಚ್‌ಪಿ, ಏಟು 140. ಕೊರತೆ 40. ನನ್ನ ಹೆಸರಿನ ಡ್ರಡಿಗನ್ ಮುಂದೆ ನಿಂತಿರುತ್ತದೆ. ಅದಕ್ಕೆ ಹೊಡೆದವರಿಗೆ ರಫ್ ಸ್ಕಿನ್‌ನಿಂದ 20 ವಾಪಸ್ ಬೀಳುತ್ತದೆ. ಗ್ಯಾರಡೋಸ್ ಒಂದೇ ಏಟಿಗೆ ಡ್ರಡಿಗನ್‌ನ 100 ಎಚ್‌ಪಿ ಮುಗಿಸಿದರೂ ಆ 20 ತಪ್ಪುವುದಿಲ್ಲ. ನಮ್ಮ ಸರದಿಯಲ್ಲಿ ಒಂದು ಶುರಿಕೆನ್, ಇನ್ನೊಂದು 20. ಕೊರತೆ ತುಂಬಿತು. ಮ್ಯೂ ಮುಂದೆ ಬಂದು 140 ಹೊಡೆಯುತ್ತದೆ. ಗ್ಯಾರಡೋಸ್‌ನ ದಾಳಿ ಎರಡೂ ಕಡೆಯ ಎನರ್ಜಿಯಲ್ಲಿ ಯಾವುದೋ ಒಂದನ್ನು ಬಿಸಾಕುತ್ತದೆ. ಅದು ನಮ್ಮದೇ ಆಗಿಬಿಡಬಹುದು. ಆ ಅಪಾಯ ಇದ್ದೇ ಇದೆ.

ಆರ್ಸಿಯಸ್ ಇಎಕ್ಸ್ ಕೂಡ ಹೀಗೆಯೇ. 140 ಎಚ್‌ಪಿ. ಅಲ್ಟಿಮೇಟ್ ಫೋರ್ಸ್ 70, ಜೊತೆಗೆ ನಮ್ಮ ಬೆಂಚ್‌ನಲ್ಲಿರುವ ಪ್ರತಿ ಪೋಕೆಮಾನ್‌ಗೆ 20. ಬೆಂಚ್ ತುಂಬಿದ್ದರೆ 130. ಶುರಿಕೆನ್ ಒಂದು ಬಿದ್ದಿದ್ದರೆ ಸಾಕು.

ಕೃಷ್ಣರಾಜ_ಕಾರ್ಡ್ಸ್

ಎಲ್ಲರೂ ಹೊಡೆಯುವ ಲೆಕ್ಕ ಹೇಳಿದಿರಿ. ಹೊಡೆದ ಮೇಲಿನ ಲೆಕ್ಕ ಯಾರೂ ಹೇಳಲಿಲ್ಲ. ಆಟ ಮೂರು ಪಾಯಿಂಟ್‌ಗೆ. ಡ್ರಡಿಗನ್ ಸತ್ತಾಗ ಅವರಿಗೆ ಒಂದು ಪಾಯಿಂಟ್ ಹೋಗಿದೆ. ಮ್ಯೂ ಇಎಕ್ಸ್ ಸತ್ತರೆ ಇನ್ನೆರಡು. ಅಲ್ಲಿಗೆ ಆಟ ಮುಗಿಯಿತು. ನಾವು ಗ್ಯಾರಡೋಸ್ ಹೊಡೆದು ಎರಡು ಪಾಯಿಂಟ್ ತೆಗೆದುಕೊಂಡಿದ್ದರೂ ಪ್ರಯೋಜನ ಇಲ್ಲ.

ಹಾಗಾಗಿ ಮ್ಯೂ ಮುಂದೆ ತರುವ ಮೊದಲು ಅವರ ಬೆಂಚ್ ನೋಡಬೇಕು. ಮುಂದಿನ ಸರದಿಯಲ್ಲಿ 130 ಹೊಡೆಯಬಲ್ಲ ಪೋಕೆಮಾನ್ ಅಲ್ಲಿ ತಯಾರಿದೆಯಾ? ಇದ್ದರೆ, ಆ ಏಟಿನಿಂದ ನಾವು ಅಲ್ಲೇ ಗೆಲ್ಲುವಂತಿದ್ದರೆ ಮಾತ್ರ ಹೊಡೆಯಬೇಕು. ಇಲ್ಲದಿದ್ದರೆ ಇನ್ನೊಂದು ಸರದಿ ತಡೆದುಕೊಳ್ಳುವುದೇ ಸರಿ. ನನ್ನ ಪ್ರಕಾರ ಈ ಕಾರ್ಡ್ ಹಿಡಿದು ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಆತುರದಿಂದ. ದೊಡ್ಡ ನಾಕ್ ಔಟ್ ಕಣ್ಣೆದುರು ಇದ್ದಾಗ ಕೈ ತಡೆಯುವುದು ಕಷ್ಟ, ಅದು ನನಗೂ ಗೊತ್ತು.

ಗಾಯಗೊಂಡು ಉಳಿದ ಮ್ಯೂಗೆ ಬಡ್ಡಿಂಗ್ ಎಕ್ಸ್‌ಪೆಡಿಷನರ್ ಇದೆ. ಆಕ್ಟಿವ್‌ನಲ್ಲಿರುವ ಮ್ಯೂ ಇಎಕ್ಸ್ ಅನ್ನು ವಾಪಸ್ ಕೈಗೆ ತರುತ್ತದೆ. ಎನರ್ಜಿ ಹೋಗುತ್ತದೆ, ಎರಡು ಪಾಯಿಂಟ್ ಉಳಿಯುತ್ತದೆ. ಬೆಂಚ್‌ಗೆ ಸರಿಸಿದರೆ ಸಾಲದು. ಗಾಯಗೊಂಡ ಮ್ಯೂ ಬೆಂಚ್‌ನಲ್ಲಿದ್ದರೆ ಅವರ ಸೈರಸ್ ಅದನ್ನು ಎಳೆಯುತ್ತದೆ. ಗಾಯ ಇಲ್ಲದ ಮ್ಯೂಗೆ ಆ ಭಯ ಇಲ್ಲ.

ನಾಣ್ಯ_ಬೇಡ

ಸೆಲೆಬಿ ಇಎಕ್ಸ್ ಮುಂದೆ ಇಳಿಸಬಹುದಾ?

ಮಲೆನಾಡ_ಮ್ಯೂ

@ನಾಣ್ಯ_ಬೇಡ ನಿಮ್ಮ ಹೆಸರಿಗೇ ವಿರುದ್ಧ ಅದು. ಪವರ್‌ಫುಲ್ ಬ್ಲೂಮ್‌ನಲ್ಲಿ ತನ್ನ ಮೇಲಿರುವ ಪ್ರತಿ ಎನರ್ಜಿಗೆ ಒಂದು ನಾಣ್ಯ, ಹೆಡ್ಸ್‌ಗೆ 50. ನಮ್ಮ ಮ್ಯೂ ಮೇಲೆ ಮೂರು ಎನರ್ಜಿ, ಮೂರು ನಾಣ್ಯ. ಸೆಲೆಬಿಗೆ 130 ಎಚ್‌ಪಿ, ಹಾಗಾಗಿ ಮೂರೂ ಹೆಡ್ಸ್ ಬೀಳಬೇಕು. ಎಂಟರಲ್ಲಿ ಒಂದು ಸಲ. ಆದರೆ ಶುರಿಕೆನ್‌ನಿಂದ ಮೊದಲೇ 40 ಬಿದ್ದಿದ್ದರೆ ಎರಡು ಹೆಡ್ಸ್ ಸಾಕು. ಆಗ ಎಂಟರಲ್ಲಿ ನಾಲ್ಕು ಸಲ, ಅಂದರೆ ಅರ್ಧಕ್ಕರ್ಧ.

@ಕೃಷ್ಣರಾಜ_ಕಾರ್ಡ್ಸ್ ಪಾಯಿಂಟ್ ಲೆಕ್ಕ ಬರೆದದ್ದು ಬಹಳ ಒಳ್ಳೆಯದಾಯಿತು. ನಾನು ಶುರು ಮಾಡಿದ ಮಾತಿಗೆ ಅದು ಸೇರಲೇಬೇಕಿತ್ತು.

ಮೂರೇ_ಪಾಯಿಂಟ್

ಡಾರ್ಕ್ ಡೆಕ್ ಬಂದರೆ ಮ್ಯೂ ಆಸೆ ಬಿಡಿ. ಡಾರ್ಕ್ರೈ ಇಎಕ್ಸ್‌ನ ಡಾರ್ಕ್ ಪ್ರಿಸಮ್ 80. ಡಾರ್ಕ್ ಏಟು ಮ್ಯೂನ ವೀಕ್‌ನೆಸ್ (ದೌರ್ಬಲ್ಯ), ಅದಕ್ಕೆ ಇನ್ನೂ 20. ಎನರ್ಜಿ ಹಾಕಿದಾಗ ನೈಟ್‌ಮೇರ್ ಆರಾದಿಂದ ಇನ್ನೊಂದು 20. ಜಿಯೋವಾನಿಯ 10 ಸೇರಿದರೆ ಸರಿಯಾಗಿ 130. ನಾವು ಅದರ 80 ನಕಲು ಮಾಡಿದರೆ ಡಾರ್ಕ್ರೈನ 140ಕ್ಕೆ ಎಲ್ಲಿಗೂ ಸಾಲದು.

ಕಾಗದದ_ಆಟ

@ಉಡುಪಿ_ಡ್ರಡಿಗನ್ ನಿಮ್ಮ ಡೆಕ್‌ನ 20 ಕಾರ್ಡ್ ಪಟ್ಟಿ ಹಾಕುತ್ತೀರಾ? ಮ್ಯೂ ಒಂದಾ, ಎರಡಾ?

ಉಡುಪಿ_ಡ್ರಡಿಗನ್

ಎರಡು. ಬೇರೆ ಡೆಕ್‌ಗೆ ಸಹಾಯಕ್ಕೆ ಇಡುವವರಿಗೆ ಒಂದು ಸಾಕು. ಇಲ್ಲಿ ಅದೇ ಮುಖ್ಯ ಹೊಡೆತಗಾರ.

ಫ್ರೋಕಿ, ಫ್ರೊಗೇಡಿಯರ್, ಗ್ರೆನಿಂಜಾ (ಒಂದು ಬೆಳೆದು ಇನ್ನೊಂದಾಗುವವು) ಎರಡೆರಡು. ಡ್ರಡಿಗನ್ ಎರಡು. ಮ್ಯೂ ಇಎಕ್ಸ್ ಎರಡು. ಪ್ರೊಫೆಸರ್ಸ್ ರಿಸರ್ಚ್ ಎರಡು, ಪೋಕೆ ಬಾಲ್ ಎರಡು, ಸೈರಸ್ ಎರಡು. ರೆಡ್, ಲೀಫ್, ಬಡ್ಡಿಂಗ್ ಎಕ್ಸ್‌ಪೆಡಿಷನರ್, ಪೋಕೆಮಾನ್ ಕಮ್ಯುನಿಕೇಷನ್ ಒಂದೊಂದು. ಎನರ್ಜಿ ನೀರು ಮಾತ್ರ. ಡ್ರಡಿಗನ್‌ನ ದಾಳಿಗೆ ಬೆಂಕಿಯೂ ಬೇಕು, ಆದರೆ ಇಲ್ಲಿ ಅದು ಹೊಡೆಯಲು ಬಂದದ್ದಲ್ಲ, ಏಟು ತಿನ್ನಲು ಬಂದದ್ದು.

ಎನರ್ಜಿಯೆಲ್ಲ ಮೊದಲು ಬೆಂಚ್‌ನ ಮ್ಯೂ ಮೇಲೆ. ಎರಡನೆಯವರಾಗಿ ಆಡಿದರೆ ಮೂರನೇ ಸರದಿಗೆ ಮೂರು ಆಗುತ್ತದೆ. ಮೊದಲು ಆಡಿದರೆ ಮೊದಲ ಸರದಿಗೆ ಎನರ್ಜಿ ಇಲ್ಲ, ಹಾಗಾಗಿ ನಾಲ್ಕನೆಯದು. ಹಗುರ ಏಟಿನ ಡೆಕ್ ಎದುರಾದರೆ ಮ್ಯೂಗೆ ಎನರ್ಜಿ ಹಾಕುವುದನ್ನು ನಿಲ್ಲಿಸಿ ಗ್ರೆನಿಂಜಾಗೆ ಹಾಕಿ, ಅದರಿಂದಲೇ ಹೊಡೆಯಿರಿ. ಎರಡನೆಯ ಮ್ಯೂ ಕೈಗೆ ಬಂದರೂ ಬೇಗ ಕೆಳಗಿಡಬೇಡಿ. ಬೆಂಚ್‌ನಲ್ಲಿ ಮೂರೇ ಜಾಗ, ಒಂದು ಗ್ರೆನಿಂಜಾಗೆ ಬೇಕು.